ಗುರುತು ಬೀಳುವ ಮೈ

ಬಾಗಿಲು ಮುಚ್ಚಿಕೊಂಡಿತು. ಒಳಗಿದ್ದ ಹುಡುಗಿ ಹಿಡಿಕೆಯನ್ನು ತಿರುಗಿಸಿ ಹಿಡಿದು, ಮಲಗಿದವರಿಗೆ ಎಚ್ಚರವಾದೀತೆನ್ನುವವರ ಹಾಗೆ, ಸದ್ದಾಗದಂತೆ ಎಳೆದುಕೊಂಡಳು. ಆ ನಯವೇ ಅವನ ಮೈ ಉರಿಸಿತು. ದಡಾರನೆ ಮುಖಕ್ಕೆ ಬಡಿದಿದ್ದರೆ ಅವನೂ ತಿರುಗಿ ಬಡಿಯಬಹುದಿತ್ತು. ಸರ್, ನೀವು ಸ್ವಲ್ಪ ಹೊರಗೆ ಕೂತಿರಿ, ಮೇಡಂ ಒಬ್ಬರನ್ನೇ ಮಾತಾಡಿಸಬೇಕು, ಎಂದಿದ್ದಳು ಹುಡುಗಿ, ನಗುತ್ತಲೇ. ಯಾಕೆ ಎಂದು ಕೇಳಿದ್ದಕ್ಕೆ, ರಕ್ತ ತೆಳು ಮಾಡುವ ಔಷಧಿಗಳಲ್ಲಿ ಯಾವುದರಿಂದ ರೋಗಿಗಳಿಗೆ ಹೆಚ್ಚು ತೃಪ್ತಿ ಇದೆ ಎಂದು ಆಸ್ಪತ್ರೆಯವರು ವಿಚಾರಿಸುತ್ತಿದ್ದಾರೆ, ಪಕ್ಕದಲ್ಲಿ ಮನೆಯವರಿದ್ದರೆ ಜನ ಮನಸ್ಸು ಬಿಚ್ಚಿ ಹೇಳುವುದಿಲ್ಲ, ಅದಕ್ಕೆ, ಎಂದು ವಿವರಿಸಿದ್ದಳು. ಮನಸ್ಸು ಬಿಚ್ಚಿ. ಹಾಗೆನ್ನುವಾಗ ಹುಡುಗಿಯ ಕಣ್ಣು ಅವನ ಹೆಂಡತಿಯ ತೋಳಿನ ಮೇಲಿಳಿದು, ಮೊಣಕೈಗಿಂತ ಮೇಲೆ ಹಳದಿಗೆ ತಿರುಗುತ್ತಿದ್ದ ಕಲೆಗಳ ಮೇಲೆ ಒಂದು ಗಳಿಗೆ ಕೂತು, ಅಲ್ಲಿಂದೆದ್ದು ಅವನ ಮುಖಕ್ಕೆ ಬಂದದ್ದನ್ನು ಅವನು ನೋಡಿದ್ದ. ಆ ನೋಟ ಅವನಿಗೆ ಹೊಸದಲ್ಲ. ಮೊದಲು ಕಲೆ, ಆಮೇಲೆ ಅವನ ಮುಖ, ಆಮೇಲೆ ಅವನ ಕೈ. ಹೆಚ್ಚುಕಡಿಮೆ ಒಂದು ವರ್ಷದಿಂದ ಲೋಕವೆಲ್ಲ ಅವನನ್ನು ಇದೇ ಕ್ರಮದಲ್ಲಿ ನೋಡುತ್ತಿತ್ತು.

ಅವನು ಕೂರಲಿಲ್ಲ. ಜೀವಮಾನವೆಲ್ಲ ಶಾಲೆಯ ಮೈದಾನದಲ್ಲಿ ನಿಂತೇ ದುಡಿದವನು. ಮಕ್ಕಳಿಂದ ಹಿಡಿದು ಬೀದಿಯ ತರಕಾರಿಯವನ ತನಕ ಎಲ್ಲರ ಬಾಯಲ್ಲೂ ಡ್ರಿಲ್ ಮೇಷ್ಟ್ರು. ಬೆಂಚಿನ ಮೇಲೆ ಬೆನ್ನು ಬಾಗಿಸಿ ಕೂತವರೆಲ್ಲ ಅವನ ಕಣ್ಣಿಗೆ ಸ್ವಲ್ಪ ಸೋಮಾರಿಗಳೇ. ಕಾರಿಡಾರಿನ ತುಂಬ ಫಿನಾಯಿಲ್ ವಾಸನೆ. ಒಂದು ಮೂಲೆಯಲ್ಲಿ ತೂಕದ ಯಂತ್ರ. ಎದುರು ಗೋಡೆಯಲ್ಲಿ ಚರ್ಮ ಸುಲಿದು ರಕ್ತನಾಳಗಳನ್ನು ತೋರಿಸಿದ ಒಂದು ಕಾಲಿನ ದೊಡ್ಡ ಚಿತ್ರ. ಮೀನಖಂಡದ ನಡುವೆ ಒಂದು ಕಪ್ಪು ಗಂಟು. ಆ ಕಾಲನ್ನು ನೋಡಬಾರದೆಂದು ತೂಕದ ಯಂತ್ರವನ್ನು ನೋಡಿದ, ಅಲ್ಲಿ ನೋಡುವುದಕ್ಕೇನೂ ಇರಲಿಲ್ಲವಾದ್ದರಿಂದ ಮತ್ತೆ ಕಾಲನ್ನೇ ನೋಡಿದ. ಹೆಂಡತಿ ಮೆಟ್ಟಿಲಲ್ಲಿ ಜಾರಿ ಪಾದದ ಕೀಲು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೀನಖಂಡ ಬಿಗಿಯುತ್ತದೆ, ಮುಟ್ಟಿದರೆ ಬಿಸಿಯಾಗಿದೆ ಎಂದು ಎರಡು ಮೂರು ಸಲ ಹೇಳಿದಳು. ಅಷ್ಟು ದಿನ ಆಡದೆ ಬಿದ್ದಿದ್ದ ಸ್ನಾಯು, ಹಿಡಿದುಕೊಂಡಿದೆ, ಎಂಥೆಂಥ ಓಟಗಾರರ ಕಾಲು ಸರಿಮಾಡಿದವನು ನಾನು, ಎಂದು ಅವನು ಎಣ್ಣೆ ಬಿಸಿ ಮಾಡಿಕೊಂಡು ಕೂತ. ಹೆಬ್ಬೆರಳು ಊರಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಾದಿದ. ಅವಳು ಹಲ್ಲು ಕಚ್ಚಿ ಕೂತಿದ್ದು, ಕೊನೆಗೆ ಸಾಕು ಎಂದು ಕಾಲೆಳೆದುಕೊಳ್ಳಲು ನೋಡಿದಳು. ನೋವಾದರೇನೇ ಬಿಡುವುದು ಎಂದು ಅವನು ಪಾದವನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಮುಂದುವರಿಸಿದ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುತ್ತ ತಲೆ ಬಾಚಿಕೊಳ್ಳುತ್ತಿದ್ದವಳು ಗೋಡೆಗೊರಗಿ ಹಾಗೇ ಕುಸಿದಳು. ಉಸಿರು ಒಳಗೆ ಹೋಗದೆ ಬಾಯಿ ಬಾಯಿ ಬಿಡುತ್ತಿದ್ದಳು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿದೆ ಎಂದರು. ಕಾಲನ್ನು ಯಾರಾದರೂ ತಿಕ್ಕಿದಿರಾ ಎಂದು ಡಾಕ್ಟರು ಕೇಳಿದಾಗ ಅವನು ಇಲ್ಲ ಎಂದ. ಬಾಯಿಂದ ಹಾಗೆ ಬಂದುಬಿಟ್ಟಿತು. ಹೆಂಡತಿ ಸ್ಟ್ರೆಚರಿನ ಮೇಲೆ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿಕೊಂಡು, ಛಾವಣಿ ನೋಡುತ್ತ ಮಲಗಿದ್ದಳು. ತಿಕ್ಕದೆ ಇದ್ದರೂ ಹೋಗುವುದು ಹೋಗಬಹುದು, ಹೀಗೇ ಅಂತ ಹೇಳುವುದಕ್ಕಾಗುವುದಿಲ್ಲ, ಎಂದು ಆ ಡಾಕ್ಟರೇ ಆಮೇಲೆ ಯಾರಿಗೋ ಹೇಳುತ್ತಿದ್ದದ್ದು ಅವನ ಕಿವಿಗೆ ಬಿದ್ದಿತ್ತು. ಆ ಮಾತನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ.

ಮೊದಲು ಹೊಟ್ಟೆಗೆ ಸೂಜಿ. ಮನೆಯಲ್ಲಿ ಚುಚ್ಚುವುದನ್ನು ಅವನೇ ಕಲಿತ. ಮೇಷ್ಟ್ರ ಕೈ ಚೂರೂ ನಡುಗುವುದಿಲ್ಲ ಎಂದು ನರ್ಸು ಹೊಗಳಿದ್ದಳು. ಹೊಕ್ಕುಳ ಸುತ್ತ ಚುಚ್ಚಿದಲ್ಲೆಲ್ಲ ನೀಲಿ ಬಿಲ್ಲೆಗಳು ಎದ್ದವು. ಅವು ಬಟ್ಟೆಯೊಳಗಿದ್ದವು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಮೇಲೆ ಮಾತ್ರೆ ಬಂತು. ಹಳೆಯ ಕಾಲದಿಂದ ಕೊಡುತ್ತ ಬಂದ ಮಾತ್ರೆ, ಅದಕ್ಕೆ ನೂರೆಂಟು ಮಡಿ: ತಿಂಗಳು ತಿಂಗಳೂ ಬಂದು ರಕ್ತ ಕೊಡಬೇಕು, ರಕ್ತ ಎಷ್ಟು ತೆಳುವಾಗಿದೆ ನೋಡಿ ಅರ್ಧ ಮಾತ್ರೆ ಏರಿಸುತ್ತಾರೆ, ಇಲ್ಲ ಇಳಿಸುತ್ತಾರೆ, ಸೊಪ್ಪನ್ನು ಒಂದು ದಿನ ರಾಶಿ ತಿಂದು ಒಂದು ದಿನ ಬಿಡುವ ಹಾಗಿಲ್ಲ, ತಲೆನೋವಿಗೆ ತೋಚಿದ ಗುಳಿಗೆ ನುಂಗುವ ಹಾಗಿಲ್ಲ. ಅವಳು ಬಟ್ಟೆ ಅಂಗಡಿಯಲ್ಲಿ ಹೊಲಿಗೆ ತಿದ್ದುವವಳು. ಗಿರಾಕಿಗಳ ಪ್ಯಾಂಟಿನ ಅಂಚು ಮಡಿಸುವುದು, ಸೊಂಟ ಬಿಗಿ ಮಾಡುವುದು, ಸಡಿಲ ಮಾಡುವುದು. ಸೂಜಿ ತಾಗಿದರೆ ರಕ್ತ ನಿಲ್ಲದೆ ಯಾರದೋ ಬಿಳಿ ಅಂಗಿಗೆ ಹತ್ತುತ್ತಿತ್ತು. ಮತ್ತು ಕಲೆಗಳು ಈಗ ಹೊರಗೆ ಬಂದವು. ಬಾಗಿಲ ಚಿಲಕ ತಾಗಿದರೆ ಒಂದು, ಬಸ್ಸಿನಲ್ಲಿ ಯಾರದೋ ಚೀಲ ತಾಗಿದರೆ ಒಂದು, ಏನೂ ತಾಗದೆಯೂ ಒಂದು. ಕೆಳಗಿನ ಮನೆಯಾಕೆ ಅವನನ್ನು ಕಂಡರೆ ಮಾತಾಡಿಸುವುದು ಬಿಟ್ಟಳು; ಹೆಂಡತಿಯನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ಏನಾದರೂ ಇದ್ದರೆ ಹೊತ್ತು ನೋಡಬೇಡಿ, ನಮ್ಮ ಬಾಗಿಲು ತಟ್ಟಿ ಎಂದಳಂತೆ. ಹೆಂಡತಿ ಅದನ್ನು ಅವನಿಗೆ ಬಂದು ಹೇಳಿದ್ದು ನಗುತ್ತ. ಅವಳಿಗೇನು, ನಗಬಹುದು. ಶಾಲೆಯಲ್ಲಿ ದೊಡ್ಡ ಮೇಡಂ ಅವನನ್ನು ಕರೆಸಿ, ಕುರ್ಚಿ ತೋರಿಸಿ, ಮೈದಾನದ ಬೇಲಿಯ ವಿಷಯ ಮಾತಾಡಿ, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಶಿಸ್ತು ಅನ್ನೋದು ಶಾಲೆಯ ಗೇಟಿನ ಒಳಗಿದ್ದರೆ ಚೆನ್ನ ಮೇಷ್ಟ್ರೇ, ಎಂದರು. ಅವನು ಮಾತ್ರೆಯ ವಿಷಯವನ್ನೆಲ್ಲ ಬಿಡಿಸಿ ಹೇಳಿದ. ಹೋಂವರ್ಕ್ ಮರೆತುಬಂದ ಹುಡುಗನ ಕಥೆ ಕೇಳುವಾಗ ಆಡಿಸುವ ಹಾಗೆ ಅವರು ತಲೆ ಆಡಿಸಿದರು. ಹೇಳುತ್ತ ಹೇಳುತ್ತ ತನ್ನ ಮಾತೇ ತನ್ನ ಕಿವಿಗೆ ಹೆಂಡತಿಗೆ ಬಡಿದುಬಂದವನ ಮಾತಿನಂತೆ ಕೇಳತೊಡಗಿ, ಅವನು ಅರ್ಧಕ್ಕೇ ನಿಲ್ಲಿಸಿ ಎದ್ದುಬಂದಿದ್ದ.

ಅಂದಿನಿಂದ ಅವಳನ್ನು ಮುಟ್ಟುವುದನ್ನು ಬಿಟ್ಟ. ತಟ್ಟೆ ಕೊಡುವಾಗ ಬೆರಳು ತಾಗದಂತೆ ಕೊಟ್ಟ. ಹಾಸಿಗೆಯಲ್ಲಿ ಗೋಡೆಗೆ ಅಂಟಿಕೊಂಡು ಮಲಗಿದ. ತಾನು ಎಷ್ಟು ಎಚ್ಚರದಿಂದಿದ್ದೇನೆ ಎಂದು ಅವಳಿಗೆ ತಿಳಿಯಲಿ ಎಂದುಕೊಂಡ, ಅವಳಿಗೆ ತಿಳಿದ ಹಾಗೆ ಕಾಣದಾಗ ಕೆರಳಿದ. ಇಷ್ಟರಲ್ಲಿ ಡಾಕ್ಟರು ಹೊಸ ಮಾತ್ರೆಯ ವಿಷಯ ಎತ್ತಿದರು. ಅದಕ್ಕೆ ತಿಂಗಳ ಪರೀಕ್ಷೆ ಬೇಡ, ಸೊಪ್ಪಿನ ಲೆಕ್ಕ ಬೇಡ. ಕಲೆ ಅದರಲ್ಲೂ ಆಗಬಹುದು, ಕಡಿಮೆಯೂ ಆಗಬಹುದು, ನೋಡೋಣ, ಎಂದರು. ಕಡಿಮೆಯಾಗಬಹುದು ಎಂಬುದೊಂದೇ ಅವನಿಗೆ ಕೇಳಿಸಿತು. ಹೆಂಡತಿ ಬೇಡ ಎಂದಳು. ಯಾಕೆ ಎಂದರೆ ಯಾಕೂ ಇಲ್ಲ, ನನಗೆ ಇದೇ ಇರಲಿ, ಅಷ್ಟೆ. ಅವನು ಅಡುಗೆಮನೆಯಲ್ಲಿ ಮತ್ತೆ ಎತ್ತಿದ, ಬಟ್ಟೆ ಒಣಹಾಕುವಾಗ ಮತ್ತೆ ಎತ್ತಿದ. ನಿನಗೆ ಹಠ, ನನ್ನ ಮಾನ ಹೋದರೂ ನಿನಗೆ ಹಠ ಎಂದ. ಅವಳು ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಎಸೆದು ಒಳಗೆ ಹೊರಟಳು. ಅವನು ತೋಳು ಹಿಡಿದ. ಹೊಡೆಯಲಿಲ್ಲ. ಹಿಡಿದ. ಮಾತು ಮುಗಿಯುವ ಮುಂಚೆ ಬೆನ್ನು ತಿರುಗಿಸಿ ಹೊರಟವರನ್ನು ಯಾರಾದರೂ ಹಿಡಿಯುತ್ತಾರೆ. ಮರುದಿನ ಅವಳ ತೋಳಿನ ಮೇಲೆ ನಾಲ್ಕು ಬೆರಳು, ಒಳಭಾಗದಲ್ಲಿ ಒಂದು ಹೆಬ್ಬೆರಳು, ಮಸಿಯಲ್ಲಿ ಅದ್ದಿ ಒತ್ತಿದಷ್ಟು ಸ್ಪಷ್ಟ. ಆ ಸೆಕೆಯಲ್ಲಿ ಅವಳು ಉದ್ದ ತೋಳಿನ ಅಂಗಿ ತೊಟ್ಟು ಕೆಲಸಕ್ಕೆ ಹೋದಳು, ಬೆವರಿಕೊಂಡು ಬಂದಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವನೂ ಏನಾದರೂ ಹೇಳಿ ಮುಗಿಸಬಹುದಿತ್ತು. ಇವತ್ತು ಆಸ್ಪತ್ರೆಗೆ ಹೊರಡುವಾಗ ನೋಡಿದರೆ ಗಿಡ್ಡ ತೋಳು. ಉದ್ದದ್ದು ಎಲ್ಲಿ ಎಂದು ಕೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬೀಗ ಹಾಕಿದ್ದ.

ಬೆಂಚಿನ ತುದಿಯಲ್ಲಿದ್ದ ಮುದುಕ ಅವನನ್ನು ಮಾತಿಗೆಳೆದ. ಲಾರಿ ಓಡಿಸಿ ನಿವೃತ್ತನಾದವನಂತೆ. ಕೂತು ಕೂತೇ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತಂತೆ. ಹುಡುಗಿ ಮುದುಕನ ಹತ್ತಿರವೂ ಆಗಲೇ ಎಲ್ಲ ಕೇಳಿ ಮುಗಿಸಿದ್ದಳು. ನಾನು ಸೂಜಿ, ಹಳೆಯದು, ಹೊಸದು ಮೂರನ್ನೂ ನೋಡಿದವನು, ಸೂಜಿಗೆ ಸೊನ್ನೆ ಕೊಟ್ಟೆ, ಹೊಸ ಮಾತ್ರೆಗೆ ಒಳ್ಳೆಯ ಅಂಕವನ್ನೇ ಕೊಟ್ಟೆ, ಎಂದು ಹೇಳಿಕೊಂಡ. ನುಂಗಿದರೆ ಮುಗೀತು, ಯಾರ ಹಂಗೂ ಇಲ್ಲ. ಆದರೆ ಅದರಲ್ಲೊಂದು ತೊಂದರೆ: ಆಸ್ಪತ್ರೆಗೆ ಬರುವುದಕ್ಕೆ ನೆಪವೇ ಇಲ್ಲದ ಹಾಗಾಗಿದೆ, ಸೊಸೆ ಮನೆಯಿಂದ ಆಚೆ ಬಿಡುವುದಿಲ್ಲ, ಇವತ್ತು ಈ ಹುಡುಗಿ ಕರೆದಳು ಅಂತ ಹೊಸ ಅಂಗಿ ಹಾಕಿಕೊಂಡು ಬಂದಿದ್ದೇನೆ. ನಿಮ್ಮ ಮನೆಯವರಿಗೆ ಯಾವುದು ಕೊಡುತ್ತಿದ್ದಾರೆ ಎಂದು ಕೇಳಿದ. ಹಳೆಯದು, ಎಂದ ಅವನು, ಇನ್ನೊಂದು ಮಾತು ಬೇಡ ಎನ್ನುವ ಗಂಟಲಲ್ಲಿ. ಮುದುಕ ತಲೆದೂಗಿ, ಓ, ಅದು ಮೈಯೆಲ್ಲ ಕಲೆ ಮಾಡುತ್ತೆ ಅಲ್ಲವೇ, ಎಂದ. ಪುಣ್ಯಾತ್ಮ, ಗೊತ್ತಿರುವವನು ಒಬ್ಬನಾದರೂ ಸಿಕ್ಕಿದ. ಅವನು ಮುದುಕನ ಪಕ್ಕದಲ್ಲಿ ಕೂರೋಣವೆಂದುಕೊಳ್ಳುತ್ತಿದ್ದಂತೆ ಬಾಗಿಲಾಚೆಯಿಂದ ನಗು ಕೇಳಿಸಿತು. ಹುಡುಗಿಯ ನಗುವಲ್ಲ, ಹೆಂಡತಿಯದು. ಗಂಟಲು ತೆರೆದ, ಉಸಿರು ಸಾಲದೆ ನಡುವೆ ನಿಂತು ಮತ್ತೆ ಶುರುವಾದ ನಗು. ಹೀಗೆ ಅವಳು ನಕ್ಕು ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಾಗಲಿಲ್ಲ. ಮದುವೆಯಾದ ಹೊಸತರಲ್ಲಿ, ಅವನು ಸೀಟಿ ಊದುವುದನ್ನು ಅಣಕಿಸಿ ನಗುತ್ತಿದ್ದಳು. ಆಮೇಲೆ ಯಾವಾಗಲೋ ನಿಂತಿತ್ತು, ನಿಂತದ್ದು ಅವನ ಗಮನಕ್ಕೆ ಬಂದಿರಲಿಲ್ಲ. ಒಳಗೆ ತನ್ನ ವಿಷಯವೇ ನಡೆಯುತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು. ನಿಮ್ಮ ಯಜಮಾನರು ಹೇಗೆ ಎಂದು ಆ ಹುಡುಗಿ ಕೇಳಿರಬೇಕು, ಇವಳು ಏನೋ ಹೇಳಿ ನಗುತ್ತಿರಬೇಕು.

ಬಾಗಿಲು ತೆರೆಯಿತು. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬಂದಳು, ಹಿಂದೆ ಹುಡುಗಿ. ಮೇಡಂ ತುಂಬಾ ಚೆನ್ನಾಗಿ ಮಾತಾಡಿದರು, ಥ್ಯಾಂಕ್ಸ್ ಸರ್, ಎಂದು ಅವನಿಗೂ ಒಂದು ನಗು ಕೊಟ್ಟಳು. ಒಳಗೆ ಏನೇನು ಕೇಳಿದಿರಿ ಎಂದು ಅವನು ಕೇಳಿದ. ಅದನ್ನು ಹೇಳುವ ಹಾಗಿಲ್ಲ ಎಂದಳು ಹುಡುಗಿ. ಯಾಕೆ ಹೇಳುವ ಹಾಗಿಲ್ಲ, ನಾನು ಇವಳ ಗಂಡ, ಎಂದ. ಹೆಂಡತಿ ಮೆಲ್ಲಗೆ, ಬನ್ನಿ ಹೋಗೋಣ, ಎಂದಳು. ಆ ಮೆಲ್ಲಗಿನ ದನಿ, ಹುಚ್ಚನನ್ನು ರಮಿಸುವಂಥ ಆ ದನಿ, ಅವನಲ್ಲಿದ್ದ ಕೊನೆಯ ಕಟ್ಟನ್ನೂ ಬಿಚ್ಚಿತು.

'ನಾನು ಹೆಂಡ್ತಿಗೆ ಹೊಡೆಯೋನಲ್ಲ' ಎಂದ. 'ಅದೆಲ್ಲ ಮಾತ್ರೆಯಿಂದ ಆಗೋದು. ಬರ್ಕೊಳ್ಳಿ ಬೇಕಾದ್ರೆ.'

ಮೈದಾನದ ಆ ತುದಿಗೆ ಮುಟ್ಟಿಸಿ ಅಭ್ಯಾಸವಾದ ದನಿ ಅದು. ಕಾರಿಡಾರಿನಲ್ಲಿ ಚೀಟಿ ಹಿಡಿದು ನಿಂತವರು, ರಕ್ತ ತೆಗೆಯುವ ಕೋಣೆಯಿಂದ ತೋಳಿಗೆ ಹತ್ತಿ ಒತ್ತಿಕೊಂಡು ಬಂದವರು, ಎಲ್ಲರೂ ತಿರುಗಿದರು. ಮೊದಲು ಅವನ ಮುಖ. ಆಮೇಲೆ ಹೆಂಡತಿಯ ತೋಳು. ಈ ಸಲ ಕ್ರಮ ಬದಲಾಗಿತ್ತು, ಬದಲಿಸಿದವನು ಅವನೇ. ಹುಡುಗಿಯ ಮುಖದ ನಗು ಹೋಗಿ, ಅವಳು ಇನ್ನೂ ಎಳೆಯವಳು ಎನ್ನುವುದು ಕಂಡಿತು.

'ಸರ್, ನಾನು ಕೇಳಿದ್ದು ಮಾತ್ರೆ ಬಗ್ಗೆ ಮಾತ್ರ' ಎಂದಳು. 'ನಿಮ್ಮ ವಿಷಯ ಬರ್ಲೇ ಇಲ್ಲ.'

ಲಾರಿಯ ಮುದುಕ ಬಗ್ಗಿ ತನ್ನ ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಳ್ಳತೊಡಗಿದ, ಸರಿಯಾಗಿದ್ದ ಪಟ್ಟಿಯನ್ನು. ಹೆಂಡತಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಹಿಂದಿನಿಂದ ಹೋಗುತ್ತ ಅವನಿಗೆ ತನ್ನ ಬೂಟಿನ ಸದ್ದು ವಿಪರೀತ ದೊಡ್ಡದಾಗಿ ಕೇಳಿತು.

ಹೊರಗೆ ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ ಅವನು ಅವಳ ಮುಂದೆ ಹೋಗಿ ನಿಂತ. ಮಾನ ಹೋಯಿತೆಂಬ ಸಂಕಟಕ್ಕಿಂತ, ಅಷ್ಟು ಜನರೆದುರು ತನ್ನನ್ನು ಹಾಗೆ ಮಾತಾಡುವಂತೆ ಮಾಡಿದವಳು ಇವಳೇ ಎನ್ನುವುದು ಅವನೊಳಗೆ ಕುದಿಯುತ್ತಿತ್ತು. ಮಾತ್ರೆಯ ವಿಷಯವೇ ಆದರೆ ಅಷ್ಟೊಂದು ನಗುವಂಥದ್ದೇನಿತ್ತು ಎಂದು ಕೇಳಿದ. ತೃಪ್ತಿ ಎಷ್ಟು ಅಂತ ಕೇಳಿದರು, ತುಂಬಾ ತೃಪ್ತಿ ಅಂದೆ, ಹಳೇ ಮಾತ್ರೆಗೆ ಇಷ್ಟು ಅಂಕ ಕೊಟ್ಟವರು ನೀವೊಬ್ಬರೇ ಅಂತ ಆ ಹುಡುಗಿ ಬೆಪ್ಪಾದಳು, ಅದಕ್ಕೆ ನಗು ಬಂತು, ಎಂದಳು. ಅವನಿಗೆ ನಂಬಿಕೆಯಾಗಲಿಲ್ಲ. ಮೈಯೆಲ್ಲ ಮಸಿ ಬಳಿದ ಹಾಗೆ ಆಗಿದೆ, ವಸಡಿನಲ್ಲಿ ರಕ್ತ, ಬೆರಳಲ್ಲಿ ರಕ್ತ, ತಿಂಗಳು ತಿಂಗಳೂ ಸಂಬಳ ಕಳೆದುಕೊಂಡು ಇಲ್ಲಿ ಕಾಯುವುದು, ತೃಪ್ತಿಯಂತೆ. ತಲೆ ನೆಟ್ಟಗಿದೆಯೇನು ಎಂದ.

ಅವಳು ಸೈಕಲ್ಲುಗಳನ್ನು ನೋಡುತ್ತ ಹೇಳಿದಳು, ಬೇರೆಯವರ ವಿಷಯ ಹೇಳುವ ಹಾಗೆ. ಇಲ್ಲಿ ರಕ್ತ ತೆಗೆಯುವಾತ ತಿಂಗಳಿಗೊಂದು ಸಲ ಅವಳ ಕೈಯನ್ನು ತನ್ನ ಅಂಗೈಯ ಮೇಲಿಟ್ಟುಕೊಳ್ಳುತ್ತಾನೆ. ಸಡಿಲ ಬಿಡಿ ಅಮ್ಮ, ಎನ್ನುತ್ತಾನೆ. ಅವಳು ಬಿಡುವ ತನಕ ಕಾಯುತ್ತಾನೆ. ಮೊದಲ ಸಲ ಸಡಿಲ ಬಿಡುವುದು ಹೇಗೆಂದೇ ಅವಳಿಗೆ ತಿಳಿಯಲಿಲ್ಲ, ಈಗ ಬರುತ್ತದೆ. ಹೊಸ ಮಾತ್ರೆಯಾದರೆ ಅದಿರುವುದಿಲ್ಲ.

'ಅಂದ್ರೆ ನಾನೇನು ಕಟುಕನಾ?' ಎಂದ ಅವನು. 'ಎಲ್ಲೋ ಒಂದು ಸಲ ತೋಳು ಹಿಡಿದೆ. ಒಂದೇ ಒಂದು ಸಲ. ಊರೆಲ್ಲ ನನ್ನ ಮುಖಕ್ಕೆ ಉಗೀತಾ ಇದೆ, ನೀನು ಆ ತೋಳನ್ನ ಎಲ್ಲರಿಗೂ ತೋರಿಸ್ಕೊಂಡು ಬಂದಿದೀಯ.'

'ಒಂದು ಸಲ ಅಲ್ಲ ರೀ.' ಅವಳ ದನಿ ಏರಲಿಲ್ಲ. 'ಮುಂಚೆನೂ ನೀವು ಹೀಗೇ ಹಿಡೀತಿದ್ರಿ. ಗುರುತು ಬೀಳ್ತಿರ್ಲಿಲ್ಲ, ಅಷ್ಟೆ.'

ಅವನು ಸುಳ್ಳು ಎನ್ನಲು ನೋಡಿದ. ಅಂಗಡಿಯ ಮುಂದೆ, ರಸ್ತೆ ದಾಟುವಾಗ, ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಏನೋ ಅಂದಳೆಂದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗುವಾಗ. ಕರೆದುಕೊಂಡು ಹೋಗುವುದು ಎಂದೇ ಅವನು ಅದನ್ನು ಕರೆಯುತ್ತಿದ್ದದ್ದು. ಆ ಪ್ರತಿಯೊಂದರಲ್ಲೂ ತನ್ನ ಕೈ ಎಲ್ಲಿತ್ತೆಂದು ಈಗ ನೋಡಿದ.

'ಅವತ್ತು ಕಾಲು ತಿಕ್ಕುವಾಗ ಸಾಕು ಅಂದೆ, ನೀವು ಬಿಡಲಿಲ್ಲ' ಎಂದಳು. 'ಡಾಕ್ಟ್ರು ಕೇಳಿದ್ರೆ ಇಲ್ಲ ಅಂದ್ರಿ. ಉಸಿರಿರ್ಲಿಲ್ಲ, ಇದ್ದಿದ್ರೆ ಹೇಳ್ತಿದ್ದೆ. ಆಮೇಲೆ ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.'

ಸಿಟ್ಟು. ಆ ಪದ ಅವಳ ಬಾಯಲ್ಲಿ ವಿಚಿತ್ರವಾಗಿ ಕೇಳಿತು. ಆ ಮನೆಯಲ್ಲಿ ಸಿಟ್ಟೆಂಬುದು ಅವನೊಬ್ಬನ ಸೊತ್ತಾಗಿತ್ತು. ಅವನಿಗೆ ಸಿಟ್ಟು ಬರುತ್ತದೆ, ಅವನಿಗೆ ಸಿಟ್ಟು ಬರುವ ಹಾಗೆ ಮಾಡಬೇಡ, ಈಗ ಬೇಡ, ಅವರು ಸಿಟ್ಟಿನಲ್ಲಿದ್ದಾರೆ. ಇವಳೂ ಅದನ್ನು ಸೂಜಿ ದಾರದ ಜೊತೆ ಚೀಲದಲ್ಲಿಟ್ಟುಕೊಂಡು ದಿನಾ ಅಂಗಡಿಗೆ ಹೋಗಿ ಬರುತ್ತಿದ್ದಳೆಂದು ಅವನಿಗೆ ಹೊಳೆದಿರಲೇ ಇಲ್ಲ. ಮುಂದಿನ ತಿಂಗಳಿನಿಂದ ತಾನೊಬ್ಬಳೇ ಬರುವುದಾಗಿ ಅವಳು ಹೇಳಿದಳು. ಮಾತ್ರೆ ಬದಲಿಸುವುದೋ ಬಿಡುವುದೋ ಡಾಕ್ಟರ ಹತ್ತಿರ ನಾನೇ ಮಾತಾಡುತ್ತೇನೆ, ಬದಲಿಸಿದರೂ ಬದಲಿಸಬಹುದು, ಆದರೆ ನಿಮ್ಮ ಮಾನಕ್ಕೋಸ್ಕರ ಅಲ್ಲ, ಎಂದಳು. ಅವನ ಕೈ ಅವನಿಗೆ ತಿಳಿಯದೆಯೇ ಮುಂದೆ ಬಂದಿತ್ತು. ಅವಳು ಹಿಂದೆ ಸರಿಯಲಿಲ್ಲ, ಆ ಕೈಯನ್ನು ನೋಡಿದಳು, ಅಷ್ಟೆ. ಅವನು ಅದನ್ನು ಪ್ಯಾಂಟಿನ ಜೇಬಿಗಿಳಿಸಿದ. ಬಸ್ಸು ಬಂತು. ಅವಳು ಅಂಗಡಿಗೆ ಹೋಗಲು ಹತ್ತಿದಳು, ಕಿಟಕಿಯ ಪಕ್ಕ ಕೂತಳು, ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಏಳನೆಯ ತರಗತಿಗೆ ಡ್ರಿಲ್. ಬಿಸಿಲಿಗೆ ಮೈದಾನದ ಮಣ್ಣು ಬಿಳಿಚಿಕೊಂಡಿತ್ತು. ದಾರಿಯುದ್ದಕ್ಕೂ ಅವನು ಆ ಹುಡುಗಿಗೆ, ದೊಡ್ಡ ಮೇಡಂಗೆ, ಕೆಳಗಿನ ಮನೆಯಾಕೆಗೆ ಒಬ್ಬೊಬ್ಬರಿಗೂ ಉತ್ತರ ಕೊಡುತ್ತ ಬಂದಿದ್ದ. ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಉತ್ತರಗಳೆಲ್ಲ ಮುಗಿದು ಸಿಟ್ಟೊಂದೇ ಉಳಿದಿತ್ತು, ಎಲ್ಲಿಯೂ ಇಳಿಸಲಾಗದ ಹೊರೆಯ ಹಾಗೆ. ಮಕ್ಕಳು ಸಾಲು ಹಿಡಿದರು. ನಡುವಿನ ಸಾಲಿನಲ್ಲಿ ಲಂಬೂ ಎಂದು ಎಲ್ಲರೂ ಕರೆಯುವ ಹುಡುಗ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ಸಾಲಿನಿಂದಾಚೆ ವಾಲಿದ. ಅವನು ಹುಡುಗನ ಹತ್ತಿರ ಹೋದ, ತೋಳು ಹಿಡಿದು, ಎಳೆದು, ಸಾಲಿಗೆ ನಿಲ್ಲಿಸಿದ. ಯೋಚಿಸಿ ಮಾಡಿದ್ದಲ್ಲ. ಮಾಡಿ ಮುಗಿದ ಮೇಲೆ ನೋಡಿದರೆ ಅವನ ನಾಲ್ಕು ಬೆರಳು ಹುಡುಗನ ಬಿಳಿ ಅಂಗಿಯ ತೋಳನ್ನು ಸುತ್ತಿದ್ದವು, ಹೆಬ್ಬೆರಳು ಒಳಗೆಲ್ಲೋ ಊರಿತ್ತು. ಹುಡುಗ ಅವನ ಕಡೆ ನೋಡುತ್ತಿರಲಿಲ್ಲ. ಬಿಡುವುದನ್ನು ಕಾಯುತ್ತ ನೆಟ್ಟಗೆ ನಿಂತಿದ್ದ. ಅಕ್ಕಪಕ್ಕದ ಮಕ್ಕಳೂ ನೋಡುತ್ತಿರಲಿಲ್ಲ, ನೋಡುವಂಥದ್ದೇನೂ ಆಗಿರಲಿಲ್ಲ.

ಅವನು ಕೈ ಬಿಟ್ಟ. ಅಂಗಿ ಸ್ವಲ್ಪ ಸುಕ್ಕಾಗಿತ್ತು, ಅಷ್ಟೆ.

'ನೋವಾಯ್ತಾ?' ಎಂದು ಕೇಳಿದ.

'ಇಲ್ಲ ಸಾರ್' ಎಂದ ಹುಡುಗ, ಪ್ರಶ್ನೆ ಮುಗಿಯುವ ಮುಂಚೆಯೇ.

ಅವನು ಹುಡುಗನ ಪಕ್ಕದವನನ್ನು ನೋಡಿದ, ಅವನ ಪಕ್ಕದವಳನ್ನು, ಅವಳ ಹಿಂದಿನವನನ್ನು. ಎಲ್ಲರೂ ನೇರ ಮುಂದೆ ನೋಡುತ್ತ, ಎದೆ ಸೆಟೆದು, ಕೈಗಳನ್ನು ತೊಡೆಗಂಟಿಸಿಕೊಂಡು ನಿಂತಿದ್ದರು. ಯಾರನ್ನು ಕೇಳಿದರೂ ಇದೇ ಉತ್ತರ ಬರುವಷ್ಟು ನೆಟ್ಟಗೆ. ಸಡಿಲವಾಗಿ ನಿಲ್ಲಿ, ಎಂದ ಅವನು. ವಿಶ್ರಾಮ್ ಎಂದಿದ್ದರೆ ತಿಳಿಯುತ್ತಿತ್ತು, ಈ ಮಾತು ಡ್ರಿಲ್ಲಿನಲ್ಲಿಲ್ಲದ್ದು. ಮಕ್ಕಳಿಗೆ ಅರ್ಥವಾಗದೆ, ತಪ್ಪು ಮಾಡಿದೆವೇನೋ ಎಂದು ಹೆದರಿ, ಇನ್ನೂ ಬಿಗಿಯಾಗಿ ನಿಂತರು.